ಬಿಕಲಂ

ಖಾನಾಪುರ ತಹಶೀಲ್ದಾರ ಕಚೇರಿಯ ಹೊರಗೆ
ನೀಲಿ ತಾಡಪತ್ರಿಯ ಕೆಳಗೆ ನನ್ನ ಕುರ್ಚಿ.
ಹನ್ನೊಂದು ವರ್ಷ ಊರವರ ಜಗಳ ಟೈಪು ಮಾಡಿದ್ದೇನೆ:
ಹಿಸ್ಸಾ, ವಾಟ್ನಿ, ಬಕ್ಷೀಸು, ಬಾವಿಯ ತಕರಾರು.
ವಂಶವೃಕ್ಷದ ತುದಿಗೆ ಮೂಲಪುರುಷನ ಹೆಸರು ಬರೆದು
ಪಕ್ಕದಲ್ಲಿ, ಮಯತ.
ಎಲ್ಲ ಮುಗಿದ ಮೇಲೆ ಹಾಳೆಯ ಅಡಿಗೆ, ಸಣ್ಣಕ್ಷರದಲ್ಲಿ,
ಬಿಕಲಂ: ಜುಲ್ಯಾನಾ ಕೈತಾನ ಸಿದ್ದಿ.

ನಮ್ಮದೇ ಅರ್ಜಿ ಬಂದ ದಿನ ಕೈ ನಿಂತಿತು.
ವಿಷಯ: ನಮ್ಮ ಜನಕ್ಕೊಂದು ರಾಜ್ಯ ಆಯೋಗ ರಚಿಸುವ ಕುರಿತು.
ಅಲ್ಲಿಯವರೆಗೆ ಸಲೀಸು.
ಮುಂದೆ ನಮೂನೆ ಕೇಳುತ್ತದೆ:
ಮೂಲಸ್ಥಳ. ಬಂದ ವರ್ಷ. ಬಂದ ಕಾರಣ.

ಬಂದ ಕಾರಣ!
ತಂದರು, ಎಂದು ಹೊಡೆದೆ. ಅಳಿಸಿದೆ.
ಮಾರಿದರು, ಎಂದು ಹೊಡೆದೆ.
ಅದನ್ನು ಅಳಿಸಲಿಲ್ಲ.

ವರ್ಷ ಯಾರಿಗೂ ಗೊತ್ತಿಲ್ಲ.
ಗೋವೆಯ ಧಕ್ಕೆಯಲ್ಲಿ ಇಳಿಸಿಕೊಂಡವರು
ತಲೆ ಎಣಿಸಿದ್ದರು, ಹೆಸರನ್ನಲ್ಲ.
ಘಟ್ಟ ಹತ್ತಿ ತಪ್ಪಿಸಿಕೊಂಡವರು
ಕಾಗದ ಹಿಡಿದು ಓಡಿರಲಿಲ್ಲ.

ದಾಖಲೆ ಲಗತ್ತಿಸಿ, ಎಂದಿತ್ತು.
ಆಯಿಯ ಹತ್ತಿರ ಒಂದು ಶಬ್ದವಿದೆ.
ಒನಕೆ ಎತ್ತುವಾಗ ಬಾಯಿಗೆ ಬರುತ್ತದೆ,
ಕೊಂಕಣಿಯಲ್ಲ, ಮರಾಠಿಯಲ್ಲ, ಕನ್ನಡವಂತೂ ಅಲ್ಲ.
ಅಂದ್ರ ಏನ ಆಯಿ?
"ನಮ್ಮವ್ವ ಅಂತಿದ್ದಳು."
ಕೀಲಿಗಳ ಮೇಲೆ ಬೆರಳಾಡಿಸಿ ಹುಡುಕಿದೆ.
ನಡುವೆ ಒಂದು ಉಸಿರಿದೆ, ಅದಕ್ಕೆ ನುಡಿಯಲ್ಲಿ ಅಕ್ಷರವಿಲ್ಲ.
ಲಗತ್ತು ಒಂದು, ಖಾಲಿ ಬಿಟ್ಟೆ.

ಅಧ್ಯಕ್ಷ ಯಾರು ಎಂದು ರಾತ್ರಿಯೆಲ್ಲ ಜಗಳ.
ಇಗರ್ಜಿಯವರಿಗೆ ಬೆನೆತ್ ಬೇಕು, ದರ್ಗಾದವರಿಗೆ ಲಾಲಸಾಬ,
ಗುಡಿಯವರು ಗೋಪಾಳನನ್ನು ಎಬ್ಬಿಸಿ ತಂದು ಕೂಡಿಸಿದರು.
ಅವನಿಗೆ ನಿದ್ದೆ.
ಮೂವರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು.
ದಾವಲಬಿ ಕೆಂಡ ಕೆದಕುತ್ತ ಅಂದಳು:
"ಕುರ್ಚಿನ ಇನ್ನ ಬಂದಿಲ್ಲ,
ಕುಂಡಿ ಯಾರದಂತ ಬಡದಾಡ್ತೀರಿ."

ಡಿಸೆಂಬರ್. ಹಲಗಾದ ಬಿಳಿ ಸೌಧದಿಂದಾಚೆ
ಬಸ್ತವಾಡದ ಹೊಲದಲ್ಲಿ ಟೆಂಟ್ ನಂಬರ್ ಹದಿನಾಲ್ಕು.
ಎಡಕ್ಕೆ ಬಿಸಿಯೂಟದ ಹೆಂಗಸರು,
ಬಲಕ್ಕೆ ಅತಿಥಿ ಉಪನ್ಯಾಸಕರು, ಅವರ ಮೈಕು ಜೋರು.
ಪೊಲೀಸಪ್ಪ ನನ್ನ ಕೂದಲು ನೋಡಿ ಕೇಳಿದ, "ಕಹಾಂ ಸೇ?"
"ಖಾನಾಪುರ ತಾಲೂಕರಿ. ನೀವು?"
ಅವನು ಕೋಲಾರದವನು.
ನಮಗಿಂತ ದೂರದಿಂದ ಬಂದಿದ್ದ ಪಾಪ,
ಸ್ವೆಟರಿರಲಿಲ್ಲ.

ಕ್ಯಾಮೆರಾದವನಿಗೆ ಕುಣಿತ ಬೇಕಿತ್ತು.
"ಅಕ್ಕಾರ, ಒಂದ ನಿಮಿಷ ಸಾಕರಿ."
ಢಮಾಮಿ ಚಾದರ ಹೊದ್ದು ಮಲಗಿತ್ತು,
ಚಳಿಗೆ ಅದರ ತೊಗಲು ಸಡಿಲಾಗಿತ್ತು.
"ಕುಣಿತೇವಪಾ. ಮೊದಲ ಇಕಿ ಓದ್ತಾಳ, ಕೇಳು."
ಓದಿದೆ.
ಆಯೋಗದ ಕಚೇರಿ ಬಸ್ಸು ಹೋಗುವ ಊರಲ್ಲಿರಲಿ.
ಸದಸ್ಯರಲ್ಲಿ ಅರ್ಧ ಹೆಂಗಸರಿರಲಿ.
ಶಾಲೆಯ ಪುಸ್ತಕದಲ್ಲಿ ನಮ್ಮದೊಂದು ಪಾಠವಿರಲಿ,
ಚಿತ್ರ ಇಲ್ಲದಿದ್ದರೂ ನಡೆಯುತ್ತದೆ.
ಮೂರಕ್ಕೆ ಕ್ಯಾಮೆರಾ ಕೆಳಗಿಳಿಯಿತು,
ಐದಕ್ಕೆ ಅವನು ಪಕ್ಕದ ಟೆಂಟಿನಲ್ಲಿದ್ದ.
ಹನ್ನೊಂದರವರೆಗೂ ಓದಿದೆ.
ಗೋಪಾಳ ಎಚ್ಚರವಿದ್ದ.

ಮಂತ್ರಿಗಳು ಬಂದರು, ನಾಲ್ಕು ನಿಮಿಷ.
ಹಾಳೆ ತಿರುವಿ, "ಲಗತ್ತು ಒಂದು ಖಾಲಿ ಐತಲ್ಲ?"
ಆಯಿ ಯಾರನ್ನೂ ಕೇಳದೆ ಮುಂದೆ ಬಂದು
ಅಂದೇ ಬಿಟ್ಟಳು, ಆ ಶಬ್ದ.
ಆಪ್ತ ಕಾರ್ಯದರ್ಶಿ ಪೆನ್ನಿನ ಟೊಪ್ಪಿ ತೆಗೆದ,
ಹಾಳೆಗೆ ತಾಗಿಸಿದ,
ಆಮೇಲೆ ನನ್ನ ಕಡೆ ನೋಡಿದ.
ನಾನು ಆಯಿಯ ಕಡೆ.

ಸೀಲು ಬಿತ್ತು: ಸ್ವೀಕರಿಸಿದೆ.
ತಾರೀಖು ಅರ್ಧ ಮೂಡಿತ್ತು.

ಕ್ರೂಸರಿನಲ್ಲಿ ದೇಸೂರು ದಾಟುವಾಗ ನೆನಪಾಯಿತು,
ಅಡಿಗೆ ಬಿಕಲಂ ಹಾಕಿರಲಿಲ್ಲ.
ಹೇಳಿದೆ. ಬೆನೆತನ ಭುಜದ ಮೇಲೆ ಲಾಲಸಾಬ ಗೊರಕೆ ಹೊಡೆಯುತ್ತಿದ್ದ,
ಯಾರೂ ಮಾತಾಡಲಿಲ್ಲ.
ರಸ್ತೆಯ ಪ್ರತಿ ತಗ್ಗಿಗೂ
ಚಾದರದೊಳಗಿನ ಢಮಾಮಿ
ತಾನೇ ಒಂದೊಂದು ಏಟು ಹಾಕುತ್ತಿತ್ತು.